ಕಾಗೆಗೆ ಕೊಟ್ಟ ಮಾತು

ಹದಿಮೂರನೆಯ ದಿನದ ಊಟ ಮುಗಿದ ಮರುದಿನ ಬೆಳಿಗ್ಗೆ ವೈಜಯಂತಿ ಹಾಲಿನ ಪ್ಯಾಕೆಟ್ ತರಲು ಗೇಟಿನ ಹತ್ತಿರ ಹೋದಾಗ ಕಂಪೌಂಡಿನ ಮೇಲೊಂದು ಕಾಗೆ ಕೂತಿತ್ತು. ಅವತ್ತಿನದೇ ಕಾಗೆಯೋ ಬೇರೆಯದೋ ಹೇಳುವುದು ಕಷ್ಟ. ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ನೋಡುವ ಹಾಗೆ ಕತ್ತು ಓರೆ ಮಾಡಿ ಅವಳನ್ನೇ ನೋಡುತ್ತಿತ್ತು.

"ಇವತ್ತೇ ಮಾಡ್ತೇನೆ," ಎಂದು ಅದಕ್ಕೆ ಹೇಳಿ ಅವಳು ಒಳಗೆ ಬಂದಳು.

ತಾಪತ್ರಯ ಶುರುವಾದದ್ದು ಹತ್ತನೆಯ ದಿನ, ಕಾರವಾರದ ಕಡಲತೀರದಲ್ಲಿ. ಗಂಡ ಕಿಶನ ಮೂವತ್ತಾರು ವರ್ಷಕ್ಕೇ, ಜ್ವರವಿಲ್ಲ ನೆಗಡಿಯಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ನಿಂತಲ್ಲೇ ಕುಸಿದು ತೀರಿಕೊಂಡಿದ್ದ. ಹತ್ತರ ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂತು, ನೋಡಿತು, ಮುಟ್ಟಲಿಲ್ಲ. ಸತ್ತವನ ಆಸೆ ಏನೋ ಉಳಿದಿದೆ, ಅದನ್ನು ಪೂರೈಸುತ್ತೇವೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಆಮೇಲೇ ಕಾಗೆ ಮುಟ್ಟುವುದು. ಅತ್ತೆ ಸುಮಲತಾ, "ಬಂಗಡೆ ಸಾರು ಮಾಡಿ ಬಡಿಸ್ತೆ ಮಗಾ," ಎಂದರು. ಕಾಗೆ ಅಲುಗಲಿಲ್ಲ. ಸೋದರಮಾವ ಸ್ಕೂಟರಿನ ರಿಪೇರಿಗೆ ಮಾತು ಕೊಟ್ಟ. ಪಕ್ಕದ ಮನೆಯ ಜಯಂತಕ್ಕ ತಾನು ಹೊರಗಿನವಳೆಂಬುದನ್ನೂ ಮರೆತು ಗೋಕರ್ಣ ಯಾತ್ರೆಗೆ ಮಾತು ಕೊಟ್ಟರು. ಭಟ್ಟರು ಮೂರನೇ ಸಲ ಗಡಿಯಾರ ನೋಡಿಕೊಂಡರು. ಹನ್ನೆರಡೂವರೆಯ ಬಿಸಿಲು, ಎಲ್ಲರ ಕಾಲಡಿ ಮರಳು ಸುಡುತ್ತಿತ್ತು.

ಹಸಿವೆಯಿಂದ ಕಂಗೆಟ್ಟಿದ್ದ ಮೈದುನ ಗುರುಪ್ರಸಾದ ಕೊನೆಗೆ ಕಿರುಚಿದ: "ನಿನ್ನ ಆ ಹಾಳು ಇಂಟರ್‌ವ್ಯೂ ಬಾಕಿ ಇದ್ರೆ ವೈನಿ ಮಾಡ್ತಾಳೆ ಮಾರಾಯಾ! ಹದಿಮೂರು ಮುಗಿದ ಮರುದಿನವೇ ಮಾಡ್ತಾಳೆ!"

ಕಾಗೆ ಹಾರಿ ಬಂದು ಪಿಂಡಕ್ಕೆ ಕೊಕ್ಕು ಹಾಕಿತು.

ಸುಮಲತಾ ಅಲ್ಲೇ ಕುಸಿದು ಕೂತು ಅತ್ತರು. ಗುರುಪ್ರಸಾದ ಊಟ ಮಾಡಿದ. ಹದಿಮೂರು ಮುಗಿದ ಸಂಜೆಯೇ ಹುಬ್ಬಳ್ಳಿಯ ಬಸ್ಸು ಹತ್ತಿ ಹೋದ. ಮಾತು ಮಾತ್ರ ವೈಜಯಂತಿಯ ತಲೆಯ ಮೇಲೆ ಉಳಿಯಿತು.

ಕಿಶನ ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವವನು. ಆದಿತ್ಯವಾರ ಬಂತೆಂದರೆ ರಾಕ್ ಬ್ಯಾಂಡಿನವರನ್ನು ಹುಡುಕಿಕೊಂಡು ಹೋಗುತ್ತಿದ್ದ. ಸಿನಿಮಾಕ್ಕೆ ಹಾಡದ, ಯಾವ ಕಂಪನಿಯೂ ಕೈಹಿಡಿಯದ, ತಮ್ಮ ಹಾಡನ್ನು ತಾವೇ ಬರೆದು ತಾವೇ ಬಾರಿಸಿ ತಾವೇ ಬಿಡುಗಡೆ ಮಾಡುವ ಪೈಕಿಯ ಹುಡುಗರು. ಅವರನ್ನು ಕೂರಿಸಿಕೊಂಡು, ಹೇಗೆ ಶುರುವಾಯಿತು, ಹೊಟ್ಟೆಗೇನು ಮಾಡುತ್ತೀರಿ, ಹೊಸ ಆಲ್ಬಮ್ಮಿನಲ್ಲಿ ಏನಿದೆ ಎಂದು ಗಂಟೆಗಟ್ಟಲೆ ಮಾತಾಡಿ ಅದನ್ನು ಇಂಟರ್ನೆಟ್ಟಿಗೆ ಹಾಕುತ್ತಿದ್ದ. ಕಾರ್ಯಕ್ರಮಕ್ಕೆ ನಲವತ್ತೊಂದು ಮಂದಿ ಕೇಳುಗರಿದ್ದರು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ್ದ ವೈಜಯಂತಿ ಆ ನಲವತ್ತೊಂದರಲ್ಲಿ ಒಬ್ಬಳಲ್ಲ.

ಅವನ ಕಪಾಟಿನಲ್ಲಿ ನೋಟ್‌ಬುಕ್ಕು ಸಿಕ್ಕಿತು. ಕೊನೆಯ ಪುಟದಲ್ಲಿ 'ಉಪ್ಪಾಗರ, ಅಂಕೋಲಾ, ಹೊಸ ಆಲ್ಬಂ: ಖಾಲಿ ಬಂದರು' ಎಂದಿತ್ತು. ಕೆಳಗೆ ಹನ್ನೊಂದು ಪ್ರಶ್ನೆಗಳು. ಪ್ರತಿ ಪ್ರಶ್ನೆಯ ಮುಂದೂ ಕೆಂಪು ಪೆನ್ನಿನಿಂದ ಒಂದು ಸರಿ ಗುರುತು. ಎಲ್ಲವೂ ಮುಖ್ಯವಾದ ಪ್ರಶ್ನೆಗಳಿರಬೇಕು ಎಂದುಕೊಂಡಳು. ಪಕ್ಕದಲ್ಲೇ ಅಂಗೈಯಗಲದ ರೆಕಾರ್ಡರು ಇತ್ತು. ಆ ಬ್ಯಾಂಡಿನವರ ಫೋನ್ ನಂಬರು ಮಾತ್ರ ಎಲ್ಲೂ ಇರಲಿಲ್ಲ. ಕಿಶನನ ಫೋನು ಅವನ ಜೊತೆಗೇ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಒಡೆದಿತ್ತು.

ಹತ್ತು ಗಂಟೆಗೆ ಗೇಟು ಸದ್ದಾಯಿತು. ಮೂವರು ಯುವಕರು ಚಪ್ಪಲಿ ಬಿಟ್ಟು ಅಂಗಳದಲ್ಲಿ ತಲೆತಗ್ಗಿಸಿ ನಿಂತಿದ್ದರು.

"ನಾನು ರೂಪೇಶ, ವೈನಿ. ಬೇಲೆಕೇರಿಯವ," ಎಂದ ಮುಂದಿನವನು. "ಇವ ಸಂದೀಪ, ಅವರ್ಸಾದವ. ಇವ ಹುಲಿಯಾ, ಸುಂಕಸಾಳದಲ್ಲಿ ಟೈರ್ ಅಂಗಡಿ. ನಾವು ಉಪ್ಪಾಗರ ಬ್ಯಾಂಡಿನವರು. ಕಿಶನಣ್ಣನ ಸುದ್ದಿ ಕೇಳಿ... ಮತ್ತೆ, ಅವರ ಹತ್ರ ನಮ್ದೊಂದು ಬಾಕಿ..."

"ಗೊತ್ತಿದೆ!" ಸುಮಲತಾ ಒಳಗಿನಿಂದ ಓಡಿಬಂದರು. "ಬಾಕಿ ಇರೂದು ನಮಗೆಲ್ಲ ಗೊತ್ತಿದೆ. ನೋಡೇ ವೈಜೂ, ಕರೀದೇ ಬಂದ್ರು! ಅವನೇ ಕಳಿಸಿದ್ದು. ಕೂತ್ಕೊಳ್ಳಿ ಮಕ್ಕಳೇ."

"ಅಲ್ಲ ಆಯಿ, ನಾವು ಹೇಳೂದು..."

"ಎಂತದೂ ಹೇಳ್ಬೇಡಿ. ಇಂಟರ್‌ವ್ಯೂ ಶುರುವಾದ ಮೇಲೆ ಹೇಳಿ."

ಮೂವರೂ ಮುಖಮುಖ ನೋಡಿಕೊಂಡರು. ಹೆಣ ಹೋಗಿ ತಿಂಗಳು ತುಂಬದ ಮನೆಯಲ್ಲಿ ಎದುರು ಮಾತಾಡುವುದು ಹೇಗೆ? ಕೂತರು.

ಜಯಂತಕ್ಕ ಕುರ್ಚಿಯ ಸಮೇತ ಬಂದರು. ರೆಕಾರ್ಡರನ್ನು ಎಲ್ಲಿಡುವುದೆಂಬ ಚರ್ಚೆ ನಡೆದು, ಕಿಶನನ ಫೋಟೋದ ಮುಂದೆ, ಹಾರದ ಹಿಂದೆ ಇಡಬೇಕೆಂದು ಅತ್ತೆ ತೀರ್ಮಾನ ಕೊಟ್ಟರು. ವೈಜಯಂತಿ ಬಟನ್ ಒತ್ತಿದಳು. ಕೆಂಪು ದೀಪ ಮಿಣಮಿಣ ಎಂದಿತು. ಹಾರ ಸರಿಪಡಿಸಿ ಬಂದು ಕೂತು, ವಾರ್ತೆ ಓದುವವಳ ಹಾಗೆ ಓದಿದಳು:

"ಉಪ್ಪಾಗರ ಅಂತ ಹೆಸರು ಯಾಕೆ?"

"ನಮ್ಮಜ್ಜಿ ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡ್ತಿದ್ಲು," ರೂಪೇಶ ಮಗ್ಗಿ ಒಪ್ಪಿಸುವವನ ಹಾಗೆ ಹೇಳಿದ. "ಸಮುದ್ರದ ನೀರು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಉಳಿದದ್ದನ್ನ ಎತ್ತೂದು. ಹಾಡೂ ಹಾಗೇ ಅಂತ."

ವೈಜಯಂತಿ ತಲೆಯೆತ್ತಿ ನೋಡಿದಳು. ಉತ್ತರ ಚೆನ್ನಾಗಿತ್ತು. ಆದರೆ ಹೇಳಿದ ರೀತಿ, ಎರಡನೇ ಸಲ ಬಡಿಸಿದ ಸಾರಿನ ಹಾಗೆ, ಸ್ವಲ್ಪ ತಣ್ಣಗಿತ್ತು.

"ಮನೆಯಲ್ಲಿ ಏನನ್ನುತ್ತಾರೆ?"

"ಟೈರಿನ ಮೇಲೆ," ಎಂದ ಹುಲಿಯಾ.

"ಏನು?"

ಸಂದೀಪ ಹುಲಿಯಾನ ತೊಡೆಗೆ ತಿವಿದ. ವೈಜಯಂತಿ ನೋಟ್‌ಬುಕ್ಕು ನೋಡಿದಳು. ಮೂರನೇ ಪ್ರಶ್ನೆ: 'ಹುಲಿಯಾ ಡ್ರಮ್ ಕಲಿತದ್ದು ಎಲ್ಲಿ?'

ಅದನ್ನು ಕೇಳುವಷ್ಟರಲ್ಲಿ ಕಿಶನನ ಕಚೇರಿಯ ಭಾಸ್ಕರ ಕರ್ಚೀಫು ಹಿಡಿದು ಒಳಗೆ ಬಂದ. ಹದಿಮೂರಕ್ಕೆ ರಜೆ ಸಿಕ್ಕಿರಲಿಲ್ಲವಂತೆ. ಗುಂಪು ನೋಡಿ ಇದು ಶ್ರದ್ಧಾಂಜಲಿ ಸಭೆ ಎಂದೇ ತಿಳಿದ. ಹುಲಿಯಾನ ಹೆಗಲು ತಬ್ಬಿ, "ನೀನು ತಮ್ಮನಾ? ಧೈರ್ಯ ತಗೋ," ಎಂದು ಕಣ್ಣೊರೆಸಿದ. ಆಮೇಲೆ ಎದ್ದುನಿಂತು ಫೋಟೋದ ಕಡೆ ತಿರುಗಿ, ಕಿಶನ ಹೇಗೆ ಒಂದು ಮೀಟರನ್ನೂ ಗೇಟಿನ ಹೊರಗೆ ನಿಂತು ಅಂದಾಜಿನಲ್ಲಿ ಬರೆದವನಲ್ಲ, ಕೋಡಿಬಾಗದ ಆ ಕರೀ ನಾಯಿ ಎರಡು ಸಲ ಕಚ್ಚಿದರೂ ಮೂರನೇ ಸಲ ಒಳಗೆ ಹೋದವನು ಎಂದು ಒಂಬತ್ತು ನಿಮಿಷ ಮಾತಾಡಿದ. ಸಾವಿನ ಮನೆಯಿಂದ ಹೇಳಿ ಹೊರಡಬಾರದಲ್ಲ, ಮಾತಿನ ನಡುವೆಯೇ ಎದ್ದು ಹೊರಟುಹೋದ. ನಾಯಿಯ ಕತೆ ಕೊನೆಗೆ ಏನಾಯಿತೋ ಯಾರಿಗೂ ತಿಳಿಯಲಿಲ್ಲ.

"ಮೂರನೇದು ಕೇಳ್ಲಾ?" ಎಂದಳು ವೈಜಯಂತಿ.

"ಮೂರನೇದಾ?" ಸುಮಲತಾ ಗಾಬರಿಯಾದರು. "ವ್ರತದ ಕತೆ ನಡುವೆ ತುಂಡಾದ್ರೆ ಎಂತ ಮಾಡ್ತಾರೆ? ಮೊದಲಿಂದ ಓದ್ತಾರೆ. ಇದೂ ಹಾಗೇ. ಕಾಗೆಗೆ ಕೊಟ್ಟ ಮಾತು, ಅರ್ಧಂಬರ್ಧ ನಡೀಲಿಕ್ಕಿಲ್ಲ."

"ಸಮಾ ಹೇಳಿದ್ರಿ ಸುಮಕ್ಕಾ," ಎಂದರು ಜಯಂತಕ್ಕ.

ಮತ್ತೆ ಅಜ್ಜಿ, ಮತ್ತೆ ಉಪ್ಪಿನ ಗದ್ದೆ. ಐದನೇ ಪ್ರಶ್ನೆಗೆ ತಲುಪುವಾಗ ಮೀನು ಮಾರುವ ಜಾನಕಿ ಬುಟ್ಟಿ ಹೊತ್ತು ಗೇಟಿನಲ್ಲಿ ಕೂಗಿದಳು. ಹದಿಮೂರು ದಿನದ ನಂತರ ಮನೆಗೆ ಮೊದಲ ಮೀನು. ಬೇಡ ಎನ್ನುವ ಹಾಗಿಲ್ಲ. ಬಂಗಡೆ ಆರಿಸಿ, ಚೌಕಾಸಿ ಮಾಡಿ, ಅತ್ತೆ ಕೈ ತೊಳೆದು ಬಂದು, "ಹ್ಞಾಂ, ಮೊದಲಿಂದ," ಎಂದರು.

ಈ ಸಲ ಉಪ್ಪಿನ ಗದ್ದೆಯ ಉತ್ತರವನ್ನು ಜಯಂತಕ್ಕನೇ ಕೊಟ್ಟುಬಿಟ್ಟರು. ಆಮೇಲೆ ತಮ್ಮದೂ ಒಂದಿಷ್ಟು ಪ್ರಶ್ನೆ ಸೇರಿಸಿದರು.

"ಸಂದೀಪಾ, ಮದುವೆ ಆಯ್ತನಾ?"

"ಇಲ್ಲ ಅಕ್ಕಾ. ಹೆಣ್ಣಿನವರು ಎಂತ ಕೆಲಸ ಅಂತ ಕೇಳ್ತಾರೆ. ಬೇಸ್ ಗಿಟಾರು ಅಂದ್ರೆ, ಅದು ಸರಿ, ಕೆಲಸ ಎಂತದು ಅಂತಾರೆ."

"ಪ್ರೋಗ್ರಾಮು ಸಿಗ್ತದಾ?"

"ಹೋದ ವರ್ಷ ಅವರ್ಸಾದಲ್ಲಿ ಒಂದು ನಿಶ್ಚಿತಾರ್ಥದಲ್ಲಿ ಬಾರಿಸಿದ್ದು. ಎರಡನೇ ಹಾಡಿಗೆ ಹೆಣ್ಣಿನ ಮಾವ ಮೇನ್ ಸ್ವಿಚ್ ತೆಗೆದ್ರು. ಕರೆಂಟು ಹೋಯ್ತು ಅಂತ ನಮ್ಗೆ ಸಮಾಧಾನ ಬೇರೆ ಹೇಳಿದ್ರು. ಆಚೆ ಐಸ್‌ಕ್ರೀಮಿನ ಫ್ರಿಜ್ಜು ಓಡ್ತಾನೇ ಇತ್ತು."

"ಭಜನೆ ಬರ್ತದನಾ?"

"ಹುಲಿಯಾಗೆ ಬರ್ತದೆ. ಅವ ಭಜನಾ ಮಂಡಳಿಯಲ್ಲಿ ಜೋರಾಗಿ ಬಾರಿಸಿದ್ದಕ್ಕೇ ನಮ್ಮಲ್ಲಿಗೆ ಕಳಿಸಿದ್ದು."

ವೈಜಯಂತಿಗೆ ನಗು ಬಂತು. ಹದಿನಾಲ್ಕು ದಿನದಲ್ಲಿ ಮೊದಲ ಸಲ ಬಂದ ನಗು. ಗಂಟಲಲ್ಲಿ ದಾರಿ ಮರೆತವರ ಹಾಗೆ ನಿಂತು, ಕೆಮ್ಮಾಗಿ ಹೊರಬಿತ್ತು. ಅತ್ತೆ ನೀರು ತಂದುಕೊಟ್ಟರು.

ಹನ್ನೊಂದನೆಯ ಪ್ರಶ್ನೆ ಮುಗಿದಾಗ ಎರಡು ಗಂಟೆ. ರೂಪೇಶ ನಿಟ್ಟುಸಿರು ಬಿಟ್ಟು ಏನೋ ಹೇಳಲು ಬಾಯಿ ತೆರೆದ. ಆದರೆ ವೈಜಯಂತಿ ನೋಟ್‌ಬುಕ್ಕು ಮುಚ್ಚಿ ಇನ್ನೂ ಅವನನ್ನೇ ನೋಡುತ್ತಿದ್ದಳು.

"ಯಾರೂ ಕೇಳೂದಿಲ್ಲ ಅಂತ ಗೊತ್ತಿದ್ದೂ ಯಾಕೆ ಮಾಡ್ತೀರಿ?" ಎಂದಳು. ಅದು ಪುಟದಲ್ಲಿ ಇರಲಿಲ್ಲ. ಆರು ವರ್ಷ ಅವಳು ಗಂಡನನ್ನು ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ.

ರೂಪೇಶ ಬೆರಳಿನ ಗಂಟುಗಳನ್ನು ಒತ್ತಿಕೊಳ್ಳುತ್ತ ಕೂತ.

"ಬೇಲೆಕೇರಿಗೆ ಮೊದ್ಲು ಅದಿರಿನ ಲಾರಿ ಬರ್ತಿತ್ತಲ್ಲ ವೈನಿ. ಹಗಲು ರಾತ್ರಿ ಗಡಗಡ. ಅಪ್ಪ, ಅಂದ್ರೆ ನಮ್ಮ ಬಾಬಾ, ಬೈತಾನೇ ಇದ್ದ, ನಿದ್ದೆ ಇಲ್ಲ ಅಂತ. ಒಂದಿನ ಎಲ್ಲ ನಿಂತುಹೋಯ್ತು. ಆಮೇಲೆ ಬಾಬಾನಿಗೆ ನಿದ್ದೆನೇ ಬರ್ಲಿಲ್ಲ. ಎದ್ದು ಬಾಗಿಲಲ್ಲಿ ಕೂತು, ಎಂತ ಸುಮ್ಮಗೆ ಆಗಿದೆ ನೋಡು, ಅಂತಿದ್ದ. ನಾನು ಗಿಟಾರು ಹಿಡಿದದ್ದು ಆವಾಗ. ಬಾಬಾನಿಗೆ ಹಾಡು ಸೇರ್ತಿರ್ಲಿಲ್ಲ. ಆದ್ರೆ ಒಳಗೆ ಹೋಗಿ ಮಲಗ್ತಿದ್ದ."

ಜಯಂತಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇದನ್ನ ಕಿಶನಣ್ಣನಿಗೂ ಹೇಳಿರ್ಲಿಲ್ಲ," ಎಂದ ರೂಪೇಶ.

"ಕಿಶನನಿಗೆ ಯಾವಾಗ ಹೇಳ್ಲಿಕ್ಕೆ?" ಎಂದಳು ವೈಜಯಂತಿ.

ರೂಪೇಶ ನೆಲ ನೋಡಿದ. ಸಂದೀಪ ಸೂರು ನೋಡಿದ. ಹುಲಿಯಾ ಕಾಯ್ದು ಕಾಯ್ದು ಸಾಕಾಗಿದ್ದವನು, ಹೇಳಿಯೇಬಿಟ್ಟ: "ಇಂಟರ್‌ವ್ಯೂ ಆಗಿದೆ ವೈನಿ. ಅವರು ಹೋಗೂಕೆ ಎರಡು ದಿನ ಮೊದ್ಲೇ. ಬೇಲೆಕೇರಿ ಐಸ್ ಪ್ಲ್ಯಾಂಟಿನಲ್ಲಿ. ಇವೇ ಹನ್ನೊಂದು ಪ್ರಶ್ನೆ."

"ಮತ್ತೆ ಬಾಕಿ ಅಂದದ್ದು?"

"ಆ ರೆಕಾರ್ಡರು ನಮ್ದು," ರೂಪೇಶನ ದನಿ ಸಣ್ಣದಾಯಿತು. "ಕಿಶನಣ್ಣಂದು ಹಾಳಾಗಿತ್ತು, ಕೇಳಿ ತಗೊಂಡ್ರು. ಇವತ್ತು ಸಂಜೆ ಪ್ಲ್ಯಾಂಟಿನ ಹಳೇ ಕಂಪ್ರೆಸರು ಬಿಚ್ತಾರೆ. ಅದರ ಸದ್ದು ನಮ್ಮ ಕಡೇ ಹಾಡಿಗೆ ಬೇಕು. ಬೆಳಿಗ್ಗೆಯಿಂದ ಹೇಳ್ವಾ ಅಂತ ನೋಡ್ತೇ ಇದ್ದೆ."

ಸುಮಲತಾ ಫೋಟೋದ ಹಾರ ಸರಿಸಿದರು. ರೆಕಾರ್ಡರಿನ ದೀಪ ಇನ್ನೂ ಮಿಣುಕುತ್ತಿತ್ತು. ಅದನ್ನು ನೋಡಿದ್ದೇ ಸಂದೀಪ ಹಣೆಗೆ ಕೈ ಹಚ್ಚಿದ.

"ಮಿಣುಕೂದಂದ್ರೆ ತಯಾರಿದೆ ಅಂತ ವೈನಿ. ಇನ್ನೊಂದು ಸಲ ಒತ್ತಬೇಕು. ದೀಪ ನಿಂತ್ರೆ ಆಗ ರೆಕಾರ್ಡು."

"ಅಂದ್ರೆ ಬೆಳಿಗ್ಗೆಯಿಂದ?"

"ಎಂತದೂ ಆಗ್ಲಿಲ್ಲ."

ಮೂರು ಸಲದ ಉಪ್ಪಿನ ಗದ್ದೆ ಹೋಯಿತು, ಭಾಸ್ಕರನ ನಾಯಿ ಹೋಯಿತು. ಬಾಗಿಲಲ್ಲಿ ಕೂತ ಬಾಬಾ ಕೂಡ.

ಸಂದೀಪ ಬೇರೆ ಬಟನ್ ಒತ್ತಿದ. ಕಂಪ್ರೆಸರಿನ ಗುಡುಗಿನ ನಡುವೆ ಕಿಶನನ ದನಿ ಬಂತು. ಸ್ವಲ್ಪ ನೆಗಡಿಯಾದವರಂತೆ, ಯಾವಾಗಿನ ಹಾಗೇ. 'ಉಪ್ಪಾಗರ ಅಂತ ಹೆಸರು ಯಾಕೆ?' ಸಂದೀಪ ಮುಂದಕ್ಕೆ ಓಡಿಸಿದ. ಎಲ್ಲೋ ಫೋನು ರಿಂಗಾಯಿತು. 'ಒಂದ್ನಿಮಿಷ, ಹೆಂಡ್ತಿ ಫೋನು... ಹ್ಞಾಂ ವೈಜೂ, ತೆಂಗಿನಕಾಯಿ ಎರಡು, ಆಯ್ತು... ಇದನ್ನ ಕಟ್ ಮಾಡ್ವಾ.' ಕೊನೆಯಲ್ಲಿ: 'ರೂಪೇಶಾ, ಈ ರೆಕಾರ್ಡರು ನಾಡಿದ್ದು ಖಂಡಿತ ತಂದುಕೊಡ್ತೆ. ಬರೆದಿಟ್ಕೋ ಬೇಕಾದ್ರೆ.'

ಸುಮಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೈಜಯಂತಿ ತೆಂಗಿನಕಾಯಿಯ ಬಗ್ಗೆ ಯೋಚಿಸಿದಳು. ಎರಡು ಹೇಳಿದ್ದಳು, ಒಂದೇ ತಂದಿದ್ದ.

"ಹಾಗಾದ್ರೆ ಸರಿಯಾಯ್ತು ಅತ್ತೆ," ಎಂದಳು. "ಇಂಟರ್‌ವ್ಯೂ ಅವರೇ ಮುಗಿಸಿದ್ದಾರೆ. ಬಾಕಿ ಇದ್ದದ್ದು ಇದೊಂದೇ. ಕೊಟ್ಟುಬಿಟ್ರೆ ಮುಗೀತು."

ಸುಮಲತಾ ಕಣ್ಣೊರೆಸಿಕೊಂಡು ಅವಳತ್ತ ತಿರುಗಿದರು.

"ಹೇಗೆ ಮುಗೀತದೆ? ಗುರು ಕಾಗೆಗೆ ಎಂತ ಹೇಳಿದ? ವೈನಿ ಮಾಡ್ತಾಳೆ ಅಂದ. ಕಿಶನ ಮಾಡಿದ್ದು ಅವಂದು. ಕಾಗೆ ಮುಟ್ಟಿದ್ದು ನಿನ್ನ ಮಾತಿಗೆ. ನಿಂದು ಎಲ್ಲಿದೆ?"

"ಮಾಡಿದೆನಲ್ಲ ಅತ್ತೆ, ಮೂರು ಸಲ!"

"ಇದ್ರೊಳಗೆ ಇಲ್ವಲ್ಲ."

"ಇಲ್ಲ," ಜಯಂತಕ್ಕ ರೆಕಾರ್ಡರನ್ನು ಕಿವಿಗೆ ಹಿಡಿದು ದೃಢಪಡಿಸಿದರು. "ನಾಳೆ ಮೊದಲಿಂದ ಮಾಡ್ಬೇಕು. ನಾನು ಒಂಬತ್ತಕ್ಕೇ ಬರ್ತೆ."

ಕಂಪೌಂಡಿನ ಮೇಲೆ ಕಾಗೆ ಕೂಗಿತು. ಬಂಗಡೆಯ ವಾಸನೆಗೆ ಇದ್ದೀತು.

ಮೂವರೂ ಬಂಗಡೆ ಸಾರು ಉಂಡು ಮೂರು ಗಂಟೆಗೆ ಎದ್ದರು. ಸಂಪ್ರದಾಯದಂತೆ ಹೇಳದೆ ಕೇಳದೆ ಹೊರಟು, ತಲೆತಗ್ಗಿಸಿ ಚಪ್ಪಲಿ ಮೆಟ್ಟಿದರು. ವೈಜಯಂತಿ ರೆಕಾರ್ಡರನ್ನು ಸೆರಗಿನಿಂದ ಒರೆಸುತ್ತ ಗೇಟಿನ ತನಕ ಹೋದಳು. ಹಾರದ ಒಂದು ಎಸಳು ಬಟನ್ನಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದಳು.

"ಬಾಬಾನ ಮಾತು ಹೇಳಿದ್ಯಲ್ಲ," ಎಂದಳು. "ನಾಳೆ ಮತ್ತೆ ಹೇಳ್ಲಿಕ್ಕೆ ಬರ್ತದಾ?"

"ಹಾಗೇ ಬರೂದು ಕಷ್ಟ ವೈನಿ," ಎಂದ ರೂಪೇಶ. "ನೋಡ್ವಾ."

"ಅಡ್ಡಿಲ್ಲ."

ಕಿಶನ ನಾಡಿದ್ದು ಎಂದದ್ದಕ್ಕೆ ಹದಿಮೂರು ದಿನ ತಡವಾಗಿ, ಅವಳು ರೆಕಾರ್ಡರನ್ನು ಅವನ ಕೈಯಲ್ಲಿಟ್ಟಳು.

"ನಾಳೆ ಹತ್ತಕ್ಕೆ," ಎಂದಳು. "ಬರುವಾಗ ಇದನ್ನ ತಗೊಂಡು ಬನ್ನಿ. ನಾಡಿದ್ದು ಖಂಡಿತ ಕೊಡ್ತೇನೆ."