ಎಡಕ್ಕೆ ಸುತ್ತಿದ ಸೊಸೆ

ನಮ್ಮ ಯಳಂದೂರು ಕಡೆ ಹೆಂಗಸೊಬ್ಬಳು ಓಡುತ್ತಿದ್ದಾಳೆಂದರೆ ಅದಕ್ಕೊಂದು ಕಾರಣ ಇರಲೇಬೇಕು. ಹಸು ಹಗ್ಗ ಕಿತ್ತುಕೊಂಡಿರಬೇಕು, ಬಸ್ಸು ಹೊರಟಿರಬೇಕು, ಇಲ್ಲವೇ ಯಾರಿಗೋ ಏನೋ ಆಗಿರಬೇಕು. ಸುಮ್ಮನೆ ಓಡುತ್ತಿದ್ದೇನೆ ಅಂದರೆ ಒಬ್ಬರೂ ನಂಬುವುದಿಲ್ಲ. ಹಾಗಾಗಿ ಶೂ ಕಟ್ಟಿ ಹೊರಟ ದಿನವೆಲ್ಲ ನನಗೆ ಏನಾದರೊಂದು ಪ್ರಸಂಗ ತಪ್ಪಿದ್ದಲ್ಲ. ನಾನು ಹೈಸ್ಕೂಲು ಟೀಚರು. ಸ್ಕೂಲಿನಲ್ಲಿ ಮಕ್ಕಳು ಕೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಹೆಡ್‌ಮೇಷ್ಟ್ರು ಕೇಳುತ್ತಾರೆ, ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಬೆಳಗಿನ ಒಂದು ಗಂಟೆಯಾದರೂ ಯಾರಿಗೂ ಉತ್ತರ ಕೊಡದೆ ಇರೋಣ ಅಂತ ಓಡಲು ಶುರು ಮಾಡಿದವಳು ನಾನು. ಆ ಒಂದು ಗಂಟೆ ಉಳಿಸಿಕೊಳ್ಳಲು ಪಟ್ಟ ಪಾಡು ಮಾತ್ರ ನನಗೇ ಗೊತ್ತು.

ಬಸ್ಸು ನಿಂತಿತು

ಒಂದು ಭಾನುವಾರ ಕೊಳ್ಳೇಗಾಲದ ರಸ್ತೆಯಲ್ಲಿ ಸ್ವಲ್ಪ ದೂರ ಹೆಚ್ಚಿಗೆ ಓಡೋಣ ಅಂತ ಹೊರಟಿದ್ದೆ. ಹಿಂದಿನಿಂದ ಬಂದ ಬಸ್ಸು ನನ್ನ ಪಕ್ಕಕ್ಕೇ ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಅತ್ಕಳಿ ಟೀಚರೇ, ಬಿರ್ನೆ” ಅಂದ.

“ಬಸ್ಸಿಗಲ್ಲ ಕಣಪ್ಪ, ಸುಮ್ಮನೆ ಓಡ್ತಾ ಇದೀನಿ.”

“ಸುಮ್ಕೆ ಯಾರಾದ್ರೂ ಓಡ್ತಾರ? ನಾವೇನು ನಿಮ್ಮ ಬುಟ್ಬುಟ್ಟು ಓಯ್ತೀವಾ? ಅತ್ತಿ.”

ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. “ಮನೇಲಿ ಜಗಳ ಆಡ್ಕಂಡು ಬಂದವಳೆ ಕಣಪ್ಪ. ಮೊಕ ಎಂಗೆ ಕೆಂಪಾಗದೆ ನೋಡು. ಕೈ ಇಡ್ದು ಅತ್ತಿಸ್ಕೊ.”

ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವಾದ ಮಾಡುವುದಕ್ಕಿಂತ ಹತ್ತಿಕೊಳ್ಳುವುದೇ ಬೇಗ ಮುಗಿಯುತ್ತದೆ ಅನ್ನಿಸಿ ಹತ್ತಿದೆ. ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು, ಕೊಳ್ಳೇಗಾಲ ಬರುವವರೆಗೂ ನನ್ನ ಬೆನ್ನು ಸವರಿತು. “ಅತ್ತೆ ಅಂದ್ಮೇಲೆ ಎಲ್ಡು ಮಾತು ಅಂತಾಳೆ. ಅದ್ಕೆಲ್ಲ ಓಡೋಗ್ತಾರ ಕಣವ್ವ?” ಅಂತ ಬುದ್ಧಿ ಬೇರೆ. ನಾನು ಇನ್ನೊಂದು ಬಸ್ಸು ಹಿಡಿದು ವಾಪಸ್ಸು ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಊರಲ್ಲಿ ಇಳಿದುಬಿಟ್ಟಿತ್ತು. ಅತ್ತೆ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ನಾನು ನಿಂಗೆ ಯಾನ್ ಅಂದೆ ಅಂತ ಮನೆ ಬುಟ್ಟೋದೆ?”

ಷರತ್ತು

ನಾನು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಊರಿನಲ್ಲಿ ಅವರ ಮರ್ಯಾದೆ ಹೋಗಿತ್ತು. “ಓಡೋದು ಇವತ್ತಿಗೇ ನಿಲ್ಲಲಿ. ಶೂನ ಅಟ್ಟದ ಮ್ಯಾಕೆ ಆಕು” ಅಂದರು. ನಮ್ಮ ಯಜಮಾನರನ್ನು ನೋಡಿದೆ. ಅವರು ಅಮ್ಮನ ಮಾತಿಗೂ ತಲೆ ಆಡಿಸುತ್ತಾರೆ, ನನ್ನ ಮಾತಿಗೂ ಆಡಿಸುತ್ತಾರೆ. ಅವರ ಕುತ್ತಿಗೆಗೆ ಅದೇ ವ್ಯಾಯಾಮ.

ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಆ ಒಂದು ಗಂಟೆ ಹೋದರೆ ದಿನದಲ್ಲಿ ನನ್ನದು ಅಂತ ಹೇಳಿಕೊಳ್ಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಕೊಳ್ಳೇಗಾಲದ ಹಲ್ಲಿನ ಡಾಕ್ಟರೊಬ್ಬರು ಅಲ್ಟ್ರಾ ಮ್ಯಾರಥಾನ್ ನಡೆಸುವ ವಿಷಯ ಗೊತ್ತಾಯಿತು. ಮೈದಾನದ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತುತ್ತಾ ಐವತ್ತು ಕಿಲೋಮೀಟರು, ಎಂಟು ಗಂಟೆಯೊಳಗೆ ಮುಗಿಸಬೇಕು. ಚಳಿಗಾಲದಲ್ಲಿ ಆಗಬೇಕಿದ್ದದ್ದು. ಮೈದಾನ ಸಿಗದೆ ಮುಂದಕ್ಕೆ ಹೋಗಿ ಹೋಗಿ ಯುಗಾದಿ ಹತ್ತಿರದ ಬಿಸಿಲಿಗೆ ಬಂದು ನಿಂತಿತ್ತು. ಅಷ್ಟು ದೂರ ನಾನು ಯಾವತ್ತೂ ಓಡಿರಲಿಲ್ಲ. ಆದರೂ ಅತ್ತೆಗೆ ಹೇಳಿದೆ: “ಇದೊಂದು ಮುಗಿಸಿದರೆ ಓಡೋಕೆ ಬಿಡಬೇಕು. ಮುಗಿಸದೇ ಇದ್ದರೆ ಶೂನ ನಾನೇ ಅಟ್ಟಕ್ಕೆ ಹಾಕ್ತೀನಿ.”

ಅತ್ತೆ ಯೋಚನೆ ಮಾಡಿದರು. “ಐವತ್ತು ಕಿಲೋಮೀಟರು ಓಡಿ ಎಲ್ಲಿಗೆ ಓಯ್ತೀಯ?”

“ಎಲ್ಲಿಗೂ ಇಲ್ಲ ಅತ್ತೆ. ಅಲ್ಲೇ ಸುತ್ತೋದು.”

“ಅಷ್ಟೊಂದು ಓಡಿ ನಿಂತಿದ್ದ ಜಾಗಕ್ಕೇ ಬಂದೀಯ?” ಅಂದವರು ಮಗನ ಕಡೆ ತಿರುಗಿದರು. “ನೋಡ್ಲಾ, ಓಡೋಯ್ತಳೆ ಅನ್ನೋ ಭಯ ಇಲ್ಲ. ಓಗ್ಲಿ ಬುಡು.”

ಅಪ್ರದಕ್ಷಿಣೆ

ನಾನು ಮೋಸ ಮಾಡದ ಹಾಗೆ ನೋಡಿಕೊಳ್ಳಲು ಅತ್ತೆಯೂ ಜೊತೆಗೆ ಬಂದರು. ಅವರಿಗೆ ಮಂಡಿನೋವು. ಹೊಸಿಲು ದಾಟಬೇಕಾದರೂ ಗೋಡೆ ಹಿಡಿಯುತ್ತಾರೆ. ಗ್ಯಾಲರಿಯ ಮೊದಲನೇ ಮೆಟ್ಟಿಲಲ್ಲಿ ಛತ್ರಿ ಬಿಚ್ಚಿ, ಪಕ್ಕದಲ್ಲಿ ಊಟದ ಕ್ಯಾರಿಯರ್ ಇಟ್ಟುಕೊಂಡು ಕೂತರು. ಬೆಳಿಗ್ಗೆ ಆರಕ್ಕೆ ಸೀಟಿ ಊದಿದರು, ಹೊರಟೆವು. ನಾಲ್ಕೈದು ಸುತ್ತು ಚೆನ್ನಾಗೇ ಆಯಿತು. ಆಮೇಲೆ ನೋಡುತ್ತೇನೆ, ಅತ್ತೆ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದಾರೆ. ಮನೆಯಿಂದ ಏನೋ ಕೆಟ್ಟ ಸುದ್ದಿ ಬಂತೇನೋ ಅಂತ ನಿಂತೆ.

“ಎಡಕ್ಕೆ ಸುತ್ತುತಾ ಇದೀಯಲ್ಲಮ್ಮಿ! ಬಲಕ್ಕೆ ಸುತ್ತು.”

“ಟ್ರ್ಯಾಕಿನಲ್ಲಿ ಹೀಗೇ ಓಡಬೇಕು ಅತ್ತೆ.”

“ಎಡಕ್ಕೆ ಸುತ್ತದು ಸಾವಾದಾಗ ಕಣಮ್ಮಿ. ದೇವ್ರ ಯಾರಾದ್ರೂ ಇಂಗೆ ಸುತ್ತುತಾರ?”

“ಮಧ್ಯದಲ್ಲಿ ದೇವರೇ ಇಲ್ಲವಲ್ಲ, ಖಾಲಿ ಮೈದಾನ.”

“ದೇವ್ರಿಲ್ಲದ ಜಾಗ ಎಲ್ಲದೆ, ಒಂದು ತೋರ್ಸು ನೋಡವ.”

ಅಲ್ಲಿ ನಿಂತು ದೇವರನ್ನು ಹುಡುಕುತ್ತಾ ಕೂತರೆ ನನ್ನ ಎಂಟು ಗಂಟೆ ಮುಗಿಯುತ್ತಿತ್ತು. ನಾನು ಓಡಿದೆ. ಅತ್ತೆ ನೇರವಾಗಿ ಹಲ್ಲಿನ ಡಾಕ್ಟರ ಪೆಂಡಾಲಿಗೆ ಹೋದರು. ದಿನಾ ಬೇರೆಯವರ ಬಾಯಿ ತೆರೆಸುವ ಆ ಮನುಷ್ಯನಿಗೆ ಅವತ್ತು ತನ್ನ ಬಾಯಿ ತೆರೆಯಲು ಸಂದು ಸಿಗಲಿಲ್ಲ. ಕೊನೆಗೆ, “ಅರ್ಧ ಹೊತ್ತಾದ ಮೇಲೆ ಎಲ್ಲರನ್ನೂ ಬಲಕ್ಕೆ ತಿರುಗಿಸ್ತೀವಿ ಅಮ್ಮಾ. ಒಂದೇ ಕಾಲಿಗೆ ಭಾರ ಬೀಳಬಾರದು ಅಂತ ರೂಲೇ ಇದೆ” ಅಂದರಂತೆ. ರೂಲಿನ ಮಾತು ಅತ್ತೆಯ ಕಿವಿಗೆ ಬೀಳಲಿಲ್ಲ. ತಿರುಗಿಸುತ್ತೀವಿ ಅನ್ನುವುದಷ್ಟೇ ಬಿತ್ತು.

ಹತ್ತು ಗಂಟೆಗೆ ಸೀಟಿ ಊದಿ ನಮ್ಮೆಲ್ಲರನ್ನೂ ತಿರುಗಿಸಿದಾಗ ಅತ್ತೆ ಗ್ಯಾಲರಿಯಲ್ಲಿ ಕೂತವರಿಗೆಲ್ಲ, “ನಾನೇ ಏಳಿ ತಿರುಗಿಸ್ದೆ” ಅಂತ ಹೇಳಿಕೊಂಡರು. ಅದನ್ನು ಕೇಳಿದ ಮೈಸೂರಿನ ಓಟಗಾರನೊಬ್ಬ ಇವರೇ ದೊಡ್ಡ ಅಧಿಕಾರಿ ಅಂತ ತಿಳಿದು, “ಮೇಡಂ, ಐಸ್ ಖಾಲಿಯಾಗಿದೆ” ಅಂತ ದೂರು ಕೊಟ್ಟ. “ತರುಸ್ತೀನಿ, ನೀನು ಓಡಪ್ಪ” ಅಂದರು ಅತ್ತೆ. ಡಾಕ್ಟರನ್ನು ಬೈಕಿನಲ್ಲಿ ಅಟ್ಟಿ ತರಿಸಿಯೂ ಬಿಟ್ಟರು.

ಕಾಲಿಗೆ ನೀರು

ಬಿಸಿಲು ಏರಿತು. ನೆಲದ ಬಿಸಿ ಶೂ ದಾಟಿ ಅಂಗಾಲಿಗೆ ಬರುತ್ತಿತ್ತು. ತಲೆಗೆ ಹಾಕಿಕೊಳ್ಳಲು ಇಟ್ಟಿದ್ದ ಟಬ್ಬಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಇಬ್ಬರು ಗಂಡಸರು ಆಗಲೇ ಓಟ ಬಿಟ್ಟು ಮರದ ಕೆಳಗೆ ಮಲಗಿದ್ದರು. ನಾನು ಗಡಿಯಾರ ನೋಡುವುದು, ಮನಸ್ಸಿನಲ್ಲೇ ಲೆಕ್ಕ ಹಾಕುವುದು, ಹೆದರುವುದು, ಇಷ್ಟನ್ನೇ ಮಾಡುತ್ತಿದ್ದೆ.

ಅಷ್ಟರಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ ಹೆಂಗಸರ ಗುಂಪೊಂದು ನೆರಳು ಕಂಡು ಮೈದಾನದೊಳಕ್ಕೆ ಬಂದು, ಗ್ಯಾಲರಿಯಲ್ಲಿ ಅತ್ತೆಯ ಪಕ್ಕ ಕೂತಿತು. ನನಗೆ ಸುತ್ತಿಗೊಂದು ಮಾತು ಕೇಳಿಸುತ್ತಿತ್ತು. ಮೊದಲನೇ ಸುತ್ತಿನಲ್ಲಿ ಅವರಲ್ಲೊಬ್ಬಳು, “ಈ ಉರಿಬಿಸಿಲಲ್ಲಿ ಸುತ್ತುತಾವಳಲ್ಲ, ಯಾವ ಅರಕೆ ಕಣಕ್ಕ?” ಅನ್ನುತ್ತಿದ್ದಳು. ಸೊಸೆ ಸುಮ್ಮನೆ ಓಡುತ್ತಿದ್ದಾಳೆ ಅಂತ ಅಷ್ಟು ಜನರ ಮುಂದೆ ಹೇಳಲು ಅತ್ತೆಗೆ ನಾಚಿಕೆ. ಎರಡನೇ ಸುತ್ತಿನಲ್ಲಿ ಅತ್ತೆಯ ದನಿ ಕೇಳಿಸಿತು: “ನನ್ ಮಂಡಿ ವಾಸಿ ಆಗ್ಲಿ ಅಂತ ಮಾದಪ್ಪಂಗೆ ಕಟ್ಕಂಡವಳೆ ಕಣ್ರವ್ವ.” ಮೂರನೇ ಸುತ್ತಿಗೆ ಆ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾಲ್ಕನೇ ಸುತ್ತಿಗೆ ಕೊಡದಲ್ಲಿ ನೀರು ತುಂಬಿಕೊಂಡು ಟ್ರ್ಯಾಕಿನ ಅಂಚಿಗೇ ಬಂದು ನಿಂತಿದ್ದರು.

ಹರಕೆ ಹೊತ್ತವರ ಕಾಲಿಗೆ ನೀರು ಹಾಕಿ ನಮಸ್ಕಾರ ಮಾಡುವುದು ನಮ್ಮ ಕಡೆಯ ಪದ್ಧತಿ. ಬೇಡ ಅನ್ನುವ ಹಾಗಿಲ್ಲ. ಆದರೆ ಶೂ ಒದ್ದೆಯಾದರೆ ಓಡುವವರ ಕಾಲಿನ ಕಥೆ ಮುಗಿದ ಹಾಗೆ. “ಬೇಡ ಕಣ್ರಮ್ಮ, ಬೊಬ್ಬೆ ಏಳುತ್ತೆ” ಅಂತ ಕೂಗುವಷ್ಟರಲ್ಲಿ ಕೊಡ ಬಗ್ಗಿತ್ತು. ನನ್ನ ಹಿಂದೆ ಬರುತ್ತಿದ್ದ ಮೈಸೂರಿನವನು ಅದನ್ನು ಕಂಡು ದೂರದ ಲೇನಿಗೆ ಹಾರಿದ. ಒಬ್ಬ ಮುದುಕಿ ಬಿಡಲಿಲ್ಲ. ಕೊಡ ಎತ್ತಿಕೊಂಡು, “ನಿಂತ್ಕಳಪ್ಪ, ನಿಂದೂ ತೊಳೀತೀನಿ” ಅಂತ ಅಟ್ಟಿಸಿಕೊಂಡು ಹೋಯಿತು. ಅವತ್ತು ಅವನು ಅತಿ ವೇಗವಾಗಿ ಓಡಿದ್ದು ಆ ಸುತ್ತನ್ನೇ.

ಕುರ್ಚಿ

ಇನ್ನೊಂದು ಗಂಟೆ ಉಳಿದಿರುವಾಗ ನನ್ನ ಕಾಲು ಹಿಡಿದುಕೊಂಡಿತು. ಅಂಗಾಲಿನಲ್ಲಿ ಬೊಬ್ಬೆ, ಮೀನಖಂಡದಲ್ಲಿ ಗಂಟು, ಕಣ್ಣ ಮುಂದೆ ಬಿಳಿ ಬೆಳಕು. ಓಟಗಾರರನ್ನು ನೋಡಿಕೊಳ್ಳಲು ಬಂದಿದ್ದ ನರ್ಸಮ್ಮನ ಪೆಂಡಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಕಂಡಿತು. ಕೂತರೆ ಏಳಲಾಗುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಕೂತೆ. ಏಳಲಾಗಲಿಲ್ಲ.

ನರ್ಸಮ್ಮ ಬಿ.ಪಿ. ನೋಡಿ, “ಭಯ ಏನಿಲ್ಲ ಮೇಡಂ, ಉಪ್ಪು ಕಮ್ಮಿ ಆಗಿದೆ. ಆದ್ರೂ ಸಾಕು ಬಿಡಿ, ಯಾರಿಗೋಸ್ಕರ ಇದೆಲ್ಲ?” ಅಂದಳು. ನನಗೆ ದುಃಖ ಒತ್ತರಿಸಿ ಬಂತು. ಬೆಳಗಿನ ಗಾಳಿ, ಖಾಲಿ ರಸ್ತೆ, ಯಾರಿಗೂ ಏನೂ ಹೇಳಬೇಕಿಲ್ಲದ ಆ ಹೊತ್ತು, ಎಲ್ಲ ಈ ಕುರ್ಚಿಯಲ್ಲೇ ಮುಗಿಯಿತು ಅಂದುಕೊಂಡೆ. ಅತ್ತೆ ಬಂದು ಎದುರು ನಿಂತರು.

“ಆಗಲ್ಲ ಅತ್ತೆ” ಅಂದೆ. “ನೀವೇ ಗೆದ್ರಿ. ನನ್ನ ಶೂ ಬಿಚ್ಚಿ ತಗೊಳ್ಳಿ.”

ಗೆದ್ದವರ ಮುಖ ಹಾಗಿರುವುದಿಲ್ಲ. ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. “ಅರ್ಧಕ್ಕೆ ಬುಟ್ರೆ ಅರಕೆ ಯಾರ ಮ್ಯಾಕೆ ಬತ್ತದೆ?” ಅಂದರು.

“ನಾನು ಹರಕೆನೇ ಕಟ್ಟಿಲ್ಲವಲ್ಲ.”

“ನಾನು ಕಟ್ಟಿವ್ನಿ, ನಿನ್ ಎಸ್ರಲ್ಲಿ. ಅಷ್ಟು ಜನದ ಮುಂದೆ, ಮಾದಪ್ಪನ ಎಸ್ರು ಇಡ್ದು ಏಳ್ಬುಟ್ಟಿವ್ನಿ. ಈಗ ನೀನು ಇಲ್ಲಿ ಕುಂತ್ಕಂಡ್ರೆ ಇರೋ ಮಂಡಿನೂ ಓಯ್ತದೆ ಕಣಮ್ಮಿ. ಏಳು.”

ಕ್ಯಾರಿಯರಿನಿಂದ ಮಜ್ಜಿಗೆ ತೆಗೆದು, ಒಂದು ಹಿಡಿ ಉಪ್ಪು ಕಲಸಿ, ನನ್ನ ಮೂಗು ಹಿಡಿಯುವುದೊಂದು ಬಾಕಿ, ಕುಡಿಸಿದರು. ನೀರಡಿಕೆ ಆರುವುದರೊಳಗೆ ಕುರ್ಚಿಯನ್ನು ನನ್ನ ಕೆಳಗಿನಿಂದ ಎಳೆದುಕೊಂಡು, “ಇದು ನಂಗೆ ಬೇಕು, ಮಂಡಿನೋವು” ಅಂದರು.

ಕೊನೆಯ ಸುತ್ತುಗಳು

ಕುರ್ಚಿ ತೆಗೆದುಕೊಂಡವರು ಅದರಲ್ಲಿ ಕೂರಲೇ ಇಲ್ಲ. ನಾನು ಕುಂಟುತ್ತಾ ಒಂದು ತಿರುವು ದಾಟಿದರೆ ಅತ್ತೆ ಮೈದಾನದ ಮಧ್ಯೆ ಹಾಯ್ದು ಇನ್ನೊಂದು ತಿರುವಿನಲ್ಲಿ ಛತ್ರಿ ಹಿಡಿದು ನಿಂತಿರುತ್ತಿದ್ದರು. “ಬಾ ಬಾ, ಕಾಲು ಎತ್ತಿಡು, ನನ್ ಮಂಡಿ ನಿನ್ ಕೈಲದೆ” ಅನ್ನುತ್ತಿದ್ದರು. ನಾನು ಅಲ್ಲಿಗೆ ಬಂದೆನೋ ಇಲ್ಲವೋ, ಸೀರೆ ಎತ್ತಿ ಕಟ್ಟಿ ಎದುರು ತಿರುವಿಗೆ ಓಟ. ಹಲ್ಲಿನ ಡಾಕ್ಟರು ಮೈಕಿನಲ್ಲಿ, “ಅಮ್ಮಾ, ಓಡುವವರ ಜೊತೆ ಯಾರೂ ಓಡಬಾರದು” ಅಂದರು. “ಜೊತೇಲಿ ಎಲ್ಲಿ ಓಡ್ತಿವ್ನಿ? ಮುಂದೆ ಓಡ್ತಿವ್ನಿ” ಅಂತ ಅತ್ತೆ ನಿಲ್ಲದೆ ಉತ್ತರ ಕೊಟ್ಟರು. ಗ್ಯಾಲರಿಯ ಹೆಂಗಸರು “ಉಘೇ ಮಾದಪ್ಪ, ಉಘೇ” ಅಂತ ಕೂಗುತ್ತಿದ್ದರು. ಆ ಕೂಗಿಗೆ ನನ್ನ ಕಾಲು ನನ್ನ ಮಾತು ಬಿಟ್ಟು ತಾನಾಗೇ ಹೋಗುತ್ತಿತ್ತು. ಗಡಿಯಾರದ ಕಡೆ ನೋಡಲು ಧೈರ್ಯ ಸಾಲದೆ ನೆಲ ನೋಡಿಕೊಂಡೇ ಓಡಿದೆ. ಗೆರೆ ದಾಟಿದಾಗ ಡಾಕ್ಟರು, “ಎರಡು ನಿಮಿಷ ಉಳಿದಿತ್ತು ಮೇಡಂ” ಅಂದರು. ನಾನು ಮಣ್ಣಿನ ಮೇಲೆ ಬಿದ್ದುಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಬೆಳಗಿನ ಗಂಟೆ ನನ್ನದಾಗಿ ಉಳಿಯಿತಲ್ಲ ಅನ್ನುವುದಷ್ಟೇ ತಲೆಯಲ್ಲಿತ್ತು.

ಹೆಂಗಸರೆಲ್ಲ ಓಡಿ ಬಂದರು. ನನ್ನನ್ನು ಎತ್ತಲು ಅಂದುಕೊಂಡೆ. ಅವರು ನನ್ನನ್ನು ದಾಟಿಕೊಂಡು ಹೋಗಿ ಅತ್ತೆಯ ಮಂಡಿ ಮುಟ್ಟಿ ನೋಡಿದರು. “ಕಣ್ಮುಂದೇನೇ ವಾಸಿ ಆಗೋಯ್ತಲ್ಲಕ್ಕ! ಚಿಗರೆ ಓಡ್ದಂಗೆ ಓಡ್ದೆ.” ಅತ್ತೆ ಮಂಡಿಯನ್ನು ಒಮ್ಮೆ ಮಡಚಿದರು, ಒಮ್ಮೆ ಚಾಚಿದರು. “ಊಂ ಕಣ್ರವ್ವ, ನೋವೇ ಇಲ್ಲ” ಅಂದರು. ಆಮೇಲೆ ಬಂದು ನನ್ನ ತಲೆ ಸವರಿದರು. ಮದುವೆಯಾಗಿ ಬಂದಮೇಲೆ ಅದೇ ಮೊದಲು.

ಸಂಜೆ ಯಳಂದೂರಿನ ಬಸ್ಸಿನಲ್ಲಿ ಅತ್ತೆ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಬಾಯಿಬಿಟ್ಟು ಕೇಳಿಯೇ ಬಿಡೋಣ ಅಂತ, “ಹಂಗಾದ್ರೆ ಇನ್ನು ಮೇಲೆ ದಿನಾ ಓಡಬಹುದಾ ಅತ್ತೆ?” ಅಂದೆ.

“ಓಡ್ಬೋದಾ ಅಂದ್ರೆ? ಓಡ್ದೆ ಇದ್ರೆ ಆಯ್ತದ?” ಅಂದರು. “ಮಾರ್ಟಳ್ಳಿಲಿರೋ ನನ್ ತಂಗಿ ಸೊಂಟನೋವು ಅಂತ ವರ್ಸದಿಂದ ಅಳ್ತಾವಳೆ. ಈಗ ಫೋನ್ ಮಾಡಿದ್ಲು. ಅವಳ ಎಸ್ರಲ್ಲೂ ಒಂದು ಓಟ ಒಪ್ಕಂಡಿವ್ನಿ.”

“ಎಷ್ಟು ಕಿಲೋಮೀಟರು ಅಂತ ಒಪ್ಕೊಂಡ್ರಿ?”

“ಮಂಡಿಗಾದ್ರೆ ಐವತ್ತು ಸಾಕು” ಅಂದರು ಅತ್ತೆ, ಛತ್ರಿ ಮಡಚುತ್ತಾ. “ಅವಳ ಸೊಂಟ ನೀನು ನೋಡಿಲ್ವಾ? ನೂರು ಅಂದಿವ್ನಿ.”