ಓಟಿಯೋಸುಸ್ ಮತ್ತು ನನ್ನ ಭಾನುವಾರದ ಓಟಿ

ಸೋಮಾರಿಯಾಗಲು ಬೇಕಾದ ಯೋಗ್ಯತೆಯೆಲ್ಲ ನನ್ನಲ್ಲಿ ಹುಟ್ಟಿನಿಂದಲೇ ಇದೆ. ಅವಕಾಶ ಮಾತ್ರ ಸಿಗಲಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ, ದಿನಾ ಶಿವಮೊಗ್ಗದಿಂದ ಕಲ್ಲಿದ್ದಲ ರೈಲಿನಲ್ಲಿ ಹೋಗಿಬರುತ್ತಿದ್ದವನಿಗೆ ಅದು ಸಿಗುವುದಾದರೂ ಎಲ್ಲಿಂದ? ಈ ಸಂಕಟವನ್ನು ಒಮ್ಮೆ ಎದುರು ಸೀಟಿನ ಪಾದ್ರಿಗಳ ಬಳಿ ತೋಡಿಕೊಂಡೆ. ತಮಿಳು ಸೀಮೆಯ ಆ ಹಿರಿಯರು, "ಬಿಡುವು ಇಲ್ಲದೆ ಹೋದ್ರೆ ಏನು, ಅದರ ಹೆಸರಾದ್ರೂ ಕಲೀರಿ" ಎಂದು ಲ್ಯಾಟಿನ್ನಿನ ಒಂದು ವಿಶೇಷಣ ಹೇಳಿಕೊಟ್ಟರು. ಬಿಡುವಾಗಿರುವವನು ಓಟಿಯೋಸುಸ್, ಬಿಡುವಾಗಿರುವವಳು ಓಟಿಯೋಸಾ, ಬಿಡುವಾಗಿರುವ ವಸ್ತು ಓಟಿಯೋಸುಮ್. ಅವರ ಬಾಯಲ್ಲಿ ಅದು ಮೆತ್ತಗೆ 'ಓತ್ಸಿ' ಎಂದು ಬರುತ್ತಿತ್ತು, ನನ್ನ ನಾಲಿಗೆಗೆ 'ಓಟಿ'ಯೇ ಗತಿ. ಹುಡುಗನಾಗಿದ್ದಾಗ ಸಂಸ್ಕೃತದ ರಾಮಶಬ್ದಕ್ಕಾಗಿ ಕಿವಿ ಹಿಂಡಿಸಿಕೊಂಡವನು ನಾನು. ಲ್ಯಾಟಿನ್ನಿನವರು ಐದಾರು ವಿಭಕ್ತಿಗೇ ಬಿಟ್ಟುಬಿಡುತ್ತಾರೆಂದು ತಿಳಿದು ಅವರ ಮೇಲೆ ಗೌರವ ಹುಟ್ಟಿತು.

ದಿನಾ ರೈಲು ಮಾಚೇನಹಳ್ಳಿ ದಾಟುವವರೆಗೂ ಗಟ್ಟಿಯಾಗಿ ಉರು ಹೊಡೆಯತೊಡಗಿದೆ. ಅದೇ ಡಬ್ಬಿಯಲ್ಲಿ ನಮ್ಮ ಹೆಡ್ ಕ್ಲರ್ಕೂ ಇರುತ್ತಾರೆಂಬುದು ನೆನಪಾಗಲಿಲ್ಲ. ಕಾರ್ಖಾನೆಯಲ್ಲಿ ಓಟಿ ಎಂದರೆ ಒಂದೇ ಅರ್ಥ, ಓವರ್‌ಟೈಮು. ಶನಿವಾರ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ದಿನಾ ಓಟಿ ಓಟಿ ಅಂತ ಜಪ ಮಾಡ್ತೀಯಲ್ಲ ಮಾರಾಯ, ಬಾಯಿಬಿಟ್ಟು ಕೇಳಬಾರದಾ? ನಾಳೆ ಬಾ, ಹಾಕಿಸಿದೀನಿ" ಎಂದರು. ಅದು ಆ ಓಟಿಯಲ್ಲ, ಸುಮ್ಮನೆ ಕೂರುವವನು ಎಂದು ಅದರರ್ಥ ಅಂತ ಮೇಲಿನವರಿಗೆ ಬಿಡಿಸಿ ಹೇಳುವುದು ಹೇಗೆ? "ಥ್ಯಾಂಕ್ಸ್ ಸಾರ್" ಎಂದೆ.

ಮನೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಆ ಭಾನುವಾರ ಮಕ್ಕಳನ್ನು ನಾನು ನೋಡಿಕೊಳ್ಳುವುದು, ನನ್ನ ಹೆಂಡತಿ ಪಕ್ಕದ ಮನೆಯವರ ಜೊತೆ ಮ್ಯಾಟಿನಿಗೆ ಹೋಗುವುದು ಎಂದು ಯುಗಾದಿಯಿಂದಲೂ ಮಾತಾಗಿತ್ತು. ತೆಗೆದಿಟ್ಟಿದ್ದ ಸೀರೆಯನ್ನು ಅವಳು ಮತ್ತೆ ಪೆಟ್ಟಿಗೆಗೆ ಹಾಕಿದಳು. ನನಗೆ ನಿಜಕ್ಕೂ ಕೆಡುಕೆನಿಸಿತು.

ಹೋಗಿ ನೋಡಿದರೆ ಆಫೀಸಿನಲ್ಲಿ ನರಪಿಳ್ಳೆಯಿಲ್ಲ. ಬೀರುವಿನ ಬೀಗದ ಕೈ ಹೆಡ್ ಕ್ಲರ್ಕ್ ಜೇಬಿನಲ್ಲಿ, ಹೆಡ್ ಕ್ಲರ್ಕ್ ಶಿವಮೊಗ್ಗದಲ್ಲಿ. ಫ್ಯಾನಿನ ಕೆಳಗೆ, ಮೇಜಿನ ಮೇಲೆ ಕಾಲು ಚಾಚಿ, ಸಂಜೆಯವರೆಗೂ ನಿದ್ದೆ ಹೊಡೆದೆ. ಜನ್ಮದಲ್ಲಿ ಅಂಥ ಬಿಡುವು ಕಂಡಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಚಿಕ್ಕವನನ್ನು ಕಂಕುಳಲ್ಲಿಟ್ಟುಕೊಂಡೇ ಒಲೆ ಊದುತ್ತಿದ್ದಳು. ನನ್ನನ್ನು ಕಂಡು, "ಭಾನುವಾರಾನೂ ದುಡಿಸ್ತಾರಲ್ಲ, ಸುಸ್ತಾಗಿರ್ತೀರಿ. ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದಳು. ನಾನು ಸುಸ್ತಾದವನಂತೆಯೇ ಕೂತೆ.

ಸೋಮವಾರ ರೈಲಿನಲ್ಲಿ ಪಾದ್ರಿಗಳು, "ಮೂರು ಲಿಂಗಾನೂ ಬಂತಾ?" ಎಂದು ಕೇಳಿದರು.

"ಪುಲ್ಲಿಂಗ ಚೆನ್ನಾಗಿ ಬಂತು ಫಾದರ್" ಎಂದೆ. "ಸ್ತ್ರೀಲಿಂಗ ನಮ್ಮನೇಲಿ ಬಳಕೆ ಇಲ್ಲ."