ಬೈಯಲು ಮಾಲೀಕನೇ ಇಲ್ಲದ ಸಾಫ್ಟ್‌ವೇರ್

ಮೊದಲು ಒಂದು ಒಗಟು. ಪೆಟ್ಟಿಗೆ ಇಲ್ಲ, ಬಿಲ್ಲಿಲ್ಲ, ಮಾಲೀಕನೂ ಇಲ್ಲ. ಆದರೂ ಹನ್ನೆರಡು ಟೇಬಲ್ಲಿನ ಮೇಲೆ ಒಂದೇ ಸಲಕ್ಕೆ ಕೂತಿದೆ. ಏನದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರೋದಿಲ್ಲ. ಉತ್ತರವನ್ನು ಕಣ್ಣೆದುರಿಗೇ ಇಟ್ಟರೂ ಅಪ್ಪನ ಆಫೀಸಿನವರಿಗೆ ಬಂದಿರಲಿಲ್ಲ.

ಉತ್ತರ, ಪುಕ್ಕಟೆ ಸಾಫ್ಟ್‌ವೇರ್. ಯಾರು ಬೇಕಾದರೂ ಇಳಿಸಿಕೊಂಡು, ಬಿಚ್ಚಿ ನೋಡಿ, ತಾವೇ ರಿಪೇರಿ ಮಾಡಿಕೊಳ್ಳುವಂಥದ್ದು. ಅಪ್ಪ ನಾಗಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್. ರೊಕ್ಕ ಕೊಟ್ಟು ತರುವ ಸಾಫ್ಟ್‌ವೇರ್ ಇನ್ನು ಸಾಕು, ಪುಕ್ಕಟೆಯದನ್ನೇ ಬಳಸಿರಿ ಅಂತ ಮುಂಬಯಿಯಿಂದ ಆರ್ಡರ್ ಬಂತು. ಜವಾಬ್ದಾರಿ ಅಪ್ಪನ ಕೊರಳಿಗೆ ಬಿತ್ತು. ತಿಂಗಳ ಕೊನೆಗೆ ತಪಾಸಣೆ. ಅದರಲ್ಲಿ ಎಡವಟ್ಟಾದರೆ ಅಪ್ಪನಿಗೆ ದೂರದ ಕಾಡಿನ ಗಡಚಿರೋಲಿಗೆ ವರ್ಗ ಅಂತ ಆಫೀಸಿನ ಸಾಹೇಬರು ಮೊದಲೇ ಹೇಳಿಟ್ಟಿದ್ದರು.

ನಾನು ಹತ್ತನೇ ಇಯತ್ತೆಯಲ್ಲಿ ಎರಡು ಸಲ ನಪಾಸಾಗಿ ಬಜಾಜ್ ನಗರದ ಮನೆಯಲ್ಲಿ ಕೂತವನು. ದಿನಾ ಅಪ್ಪನಿಗೆ ಊಟದ ಡಬ್ಬಿ ಒಯ್ಯೋದು, ಅಲ್ಲೇ ಸಂಜೆ ತನಕ ಕಾಲಹರಣ ಮಾಡೋದು. ಆ ಆಫೀಸಿನಲ್ಲಿ ದಿನಕ್ಕೊಂದು ತಮಾಷೆ ನಡೆಯದಿದ್ದರೆ ಸೂರ್ಯನಿಗೂ ಮುಳುಗಲು ಮನಸ್ಸು ಬರುತ್ತಿರಲಿಲ್ಲ.

೧. ಮೂರು ಕೊಟೇಶನ್

ಸ್ಟೋರಿನ ಬಾಬು ಮೊದಲ ದಿನವೇ ಅಡ್ಡ ನಿಂತ. ಮೂರು ಕೊಟೇಶನ್ ಇಲ್ಲದೆ ಈ ಆಫೀಸಿನೊಳಗೆ ಒಂದು ಗುಂಡುಸೂಜಿಯೂ ಬಂದಿಲ್ಲವಂತೆ. ಇದು ಪುಕ್ಕಟೆ ಅದ ಅಂತ ಅಪ್ಪ ಬಡಕೊಂಡರು. ಪುಕ್ಕಟೆ ಇದ್ದರೂ ಮೂರು ಬೇಕು ಅಂದ.

ಅಪ್ಪ ಗಾಂಧಿಬಾಗ್‌ನ ಮೂರು ಅಂಗಡಿ ಸುತ್ತಿ, ಕೈಕಾಲು ಹಿಡಿದು, ಸೀಲು ಹಾಕಿದ ಮೂರು ಲಕೋಟೆ ತಂದರು. ಕಮಿಟಿ ಕೂತಿತು. ಒಡೆದು ನೋಡಿದರೆ ಮೂರರಲ್ಲೂ ಬೆಲೆ ಸೊನ್ನೆ. ಕಡಿಮೆ ಬೆಲೆಯವನನ್ನು ಆರಿಸಬೇಕು ಅಂತ ನಿಯಮ. ಇಲ್ಲಿ ಮೂವರೂ ಕಡಿಮೆಯವರೇ. ಬಾಬು ಒಂದು ತಾಸು ಯೋಚಿಸಿ, ಮೂವರನ್ನೂ ಚೌಕಾಸಿಗೆ ಕರೆಸಿದ. ಒಬ್ಬೊಬ್ಬರಿಗೂ ಕೇಳಿದ್ದು ಒಂದೇ ಮಾತು:

"ಇನ್ನೂ ಸ್ವಲ್ಪ ಇಳಿಸ್ರಿ, ಸೇಠಜಿ."

೨. ಬಿಳಿ ಬಣ್ಣ

ಸರ್ಕಾರಿ ಸಾಮಾನು ಅಂದಮೇಲೆ ಕುರ್ಚಿಗೂ ಫ್ಯಾನಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆಯಬೇಕು. ಸಾಫ್ಟ್‌ವೇರಿಗೆ ಎಲ್ಲಿ ಬರೆಯೋದು? ನಾನು ಅದನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟೆ. ಬಾಬು ಖುಷಿಯಿಂದ ನಂಬರು ಬರೆದು, ಬಣ್ಣ ಒಣಗಿಸಿ, ತಿಜೋರಿಯಲ್ಲಿಟ್ಟು ಕೀಲಿ ಹಾಕಿದ. ನಾಲ್ಕು ದಿನ ಎಲ್ಲರೂ ಕಾದರು. ಕೇಳಿದರೆ, ಸಾಫ್ಟ್‌ವೇರ್ ಭಾಳ ಸುರಕ್ಷಿತ ಐತಿ, ಯಾರೂ ಮುಟ್ಟಿಲ್ಲ ಅಂದ.

೩. ತಕ್ರಾರಿನ ನಂಬರು

ಅಂತೂ ಹನ್ನೆರಡೂ ಕಂಪ್ಯೂಟರಿಗೆ ಹಾಕಿದ್ದಾಯಿತು. ಯಾರೂ ಮುಟ್ಟಲಿಲ್ಲ. ಎಲ್ಲರೂ 'ಬಾಯಿ' ಅಂತ ಕರೆಯುವ ಟೈಪಿಸ್ಟ್ ಹೆಂಗಸಿಗೆ ಅಪ್ಪ ಕಾರಣ ಕೇಳಿದರು.

"ಹಳೇದು ಕೆಟ್ಟರ ಕಂಪನಿಗೆ ಫೋನ್ ಹಚ್ಚಿ ಬೈತಿದ್ದೆ, ಭಾವೂ," ಅಂದಳು. "ಇದು ಕೆಟ್ಟರ ಯಾರಿಗೆ ಬೈಲಿ?"

ಮಾತು ಬರೋಬರ್ ಇತ್ತು. ನಾನು ಹೊಸ ಸಿಮ್ ತಂದು, ಎಲ್ಲ ಕಂಪ್ಯೂಟರಿಗೂ "ತಕ್ರಾರಿಗೆ ಸಂಪರ್ಕಿಸಿ" ಅಂತ ಆ ನಂಬರಿನ ಚೀಟಿ ಯಾರಿಗೂ ಗೊತ್ತಾಗದಂತೆ ಅಂಟಿಸಿದೆ. ಮೆಟ್ಟಿಲ ಕೆಳಗೆ ಕೂತು, ಗಂಟಲು ದಪ್ಪ ಮಾಡಿ, ಹಿಂದಿಯಲ್ಲಿ ಕಂಪನಿ ಆದೆ. ಬಾಯಿ ನನ್ನ ಏಳು ತಲೆಮಾರನ್ನು ಮರಾಠಿಯಲ್ಲಿ ಜಾಲಾಡಿ, ಹಗುರಾಗಿ ಹೋಗಿ ಟೈಪ್ ಮಾಡಲು ಕೂತಳು. ವಾರದೊಳಗೆ ಹನ್ನೆರಡೂ ಜನ ಬೈದರು, ಹನ್ನೆರಡೂ ಜನ ಕೆಲಸ ಮಾಡಿದರು.

ಹದಿಮೂರನೆಯ ಫೋನು ಅಪ್ಪನದು. ಪ್ರಿಂಟರಿನ ಗೋಳು ಮುಗಿಸಿ, ದನಿ ತಗ್ಗಿಸಿ ಕೇಳಿದರು: ಮಗನೊಬ್ಬ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ, ನಿಮ್ಮ ಕಂಪನಿಯಲ್ಲಿ ಏನಾದರೂ ಕೆಲಸ ಇದೆಯೇ? ಎಷ್ಟು ಓದಿದ್ದಾನೆ ಅಂತ ಕೇಳಿದೆ. ಹತ್ತನೇ ನಪಾಸು ಅಂದರು.

"ಮಾಫ್ ಕೀಜಿಯೇ ಸಾಬ್," ಅಂದೆ, "ನಮ್ಮಲ್ಲಿ ಎಲ್ಲರೂ ಇಂಜಿನಿಯರುಗಳೇ."

೪. ಚೌಕಗಳು

ಮುಂಬಯಿಯ ಸಾಹೇಬರು ತಪಾಸಣೆಗೆ ಬಂದರು. ಹನ್ನೆರಡೂ ಜನ ಟಕಟಕ ಟೈಪ್ ಮಾಡುತ್ತಿದ್ದರು, ಅವರಿಗೆ ಭಾಳ ಸಂತೋಷವಾಯಿತು. ಅಷ್ಟಕ್ಕೇ ನಿಲ್ಲಬೇಕಿತ್ತು. ಬಾಯಿ ಮುಂದೆ ಬಂದು, ಕಂಪನಿಯವರ ಸೇವೆ ಫಸ್ಟ್ ಕ್ಲಾಸ್ ಅಂದಳು. ಈ ಸಾಫ್ಟ್‌ವೇರಿಗೆ ಕಂಪನಿಯೇ ಇಲ್ಲವಲ್ಲ, ಗುತ್ತಿಗೆ ಯಾರಿಗೆ ಕೊಟ್ಟಿರಿ ಅಂತ ಸಾಹೇಬರು ಅಪ್ಪನ ಕಡೆ ತಿರುಗಿದರು. ಅಪ್ಪ ಚೀಟಿಯ ನಂಬರಿಗೆ ಫೋನ್ ಹಚ್ಚಲು ಹೋದರು. ಮೆಟ್ಟಿಲ ಕೆಳಗೆ ನಾನು ಫೋನ್ ಬಂದ್ ಮಾಡಿದೆ.

ವಾರದ ಮೇಲೆ ಮುಂಬಯಿಯಿಂದ ಈಮೇಲಿನಲ್ಲಿ ಆರ್ಡರು ಬಂತು. ನಮಗೆ ಪುಕ್ಕಟೆಯದು ಬಳಸಿರಿ ಅಂದವರು ತಾವು ಮಾತ್ರ ಹಳೆಯದರಲ್ಲೇ, ಹಳೆಯ ಹಿಂದಿ ಫಾಂಟಿನಲ್ಲೇ ಹೊಡೆದಿದ್ದರು. ಆ ಫಾಂಟು ನಮ್ಮಲ್ಲಿಲ್ಲ, ತೆರೆದರೆ ಅಕ್ಷರದ ಬದಲು ಬರೀ ಚೌಕಗಳು. ಸಾಲುಗಟ್ಟಿ ಚೌಕ, ಕೆಳಗೊಂದು ಸಹಿ. ಅಪ್ಪ ಕುರ್ಚಿ ಹಿಡಿದು ನಿಂತಿದ್ದರು. ನಮ್ಮ ಸಾಹೇಬರು ಚಷ್ಮಾ ಏರಿಸಿ, ಇಳಿಸಿ, ಕೊನೆಗೆ ಹೇಳಿದರು: "ಯಾರನ್ನೋ ಎಲ್ಲಿಗೋ ಕಳಿಸ್ಯಾರ."

ಪತ್ರಕ್ಕೆ ಉತ್ತರ ಕೊಡಲೇಬೇಕಲ್ಲ. ತಲುಪಿದೆ, ಓದಲು ಬರುತ್ತಿಲ್ಲ, ಮತ್ತೊಮ್ಮೆ ಕಳಿಸಿ ಅಂತ ನಮ್ಮ ಸಾಹೇಬರು ಪುಕ್ಕಟೆಯದರಲ್ಲಿ ಹೊಡೆದು ಕಳಿಸಿದರು. ಮುಂಬಯಿಯಲ್ಲಿ ಅದು ಚೌಕಗಳಾಗಿ ತೆರೆದುಕೊಂಡಿತು. ಅವರೂ ಅದನ್ನೇ ಬರೆದರು. ಇಲ್ಲಿ ಮತ್ತೆ ಚೌಕ. ಈಗ ಎರಡೂ ಕಡೆ ಫೈಲು ತಲೆದಿಂಬಿನಷ್ಟು ದಪ್ಪ ಆಗಿದೆ, ಇಬ್ಬರೂ ಚೌಕಗಳಿಗೆ ಚೌಕಗಳಲ್ಲೇ ಜ್ಞಾಪನಾ ಪತ್ರ ಕಳಿಸುತ್ತಿದ್ದಾರೆ, ಅಪ್ಪ ತಮ್ಮ ಕುರ್ಚಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದಾರೆ.

ಇನ್ನು ಖರೇ ಹೇಳಿಬಿಡ್ತೀನಿ. ಮೊದಲ ಚೌಕಗಳ ತನಕ ಎಲ್ಲ ನಡೆದದ್ದೇ. ಆಮೇಲಿನದು ನಾನು ಕಟ್ಟಿದ್ದು. ಮರುದಿನವೇ ಅದೇ ಆರ್ಡರು ಟಪಾಲಿನಲ್ಲಿ ಕಾಗದದ ಮೇಲೆ ಬಂತು, ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಪುಣ್ಯಕ್ಕೆ ವರ್ಗ ಗಡಚಿರೋಲಿಗೆ ಅಲ್ಲ, ಇಲ್ಲೇ ನಾಗಪುರದ ಹತ್ತಿರದ ಬುಟಿಬೋರಿಗೆ. ಅಪ್ಪ ಈಗ ಬೆಳಿಗ್ಗೆ ಏಳರ ಬಸ್ಸಿಗೆ ನಿಂತುಕೊಂಡೇ ಹೋಗ್ತಾರೆ, ಆ ಕಂಪನಿ ಯಾವುದಿತ್ತು ಅಂತ ಇನ್ನೂ ಹುಡುಕ್ತಾರೆ. ಇದನ್ನು ಹೇಳಿದರೆ ನೀವು ನಗ್ತಿದ್ದಿರೇನು? ಅದಕ್ಕೇ ಬೇರೆ ಕೊನೆ ಹಚ್ಚಿದೆ.